ಹಣೆಗೆ ಕುಂಕುಮವಿಟ್ಟ ಮೂರು ಮೊಲ

ಅಶ್ವತ್ಥಮ್ಮನ ಅತ್ತೆ ದೊಡ್ಡತಾಯಮ್ಮ ಎಂಬತ್ತು ವರ್ಷದ ಬದುಕಿನಲ್ಲಿ ಅಂಗಡಿಯಿಂದ ತಂದ ಮಾಂಸವನ್ನು ಒಂದು ತುತ್ತೂ ತಿಂದವರಲ್ಲ. "ಯಾವನು ಸಾಕಿದ್ನೋ, ಏನ್ ತಿನ್ಸಿದ್ನೋ" ಎಂದು ತಟ್ಟೆ ಸರಿಸಿಬಿಡುತ್ತಿದ್ದರು. ಹಿತ್ತಲಲ್ಲಿ ಓಡಾಡಿದ ಕೋಳಿ, ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಹೋತ, ಇಷ್ಟು ಆಗುತ್ತಿತ್ತು. ಇವೆರಡರ ಜೊತೆಗೆ ಮೊಲ. ಮಾವ ಬದುಕಿದ್ದಾಗ ರಾಗಿ ಹೊಲದ ಬದುವಿನಲ್ಲಿ ಉರುಳು ಹಾಕಿ ಹಿಡಿದು ತರುತ್ತಿದ್ದರು. ಮೊಲವನ್ನು ನಾವು ಸಾಕಿದ್ದಲ್ಲವಲ್ಲ ಅತ್ತೆ ಎಂದು ಸೊಸೆ ಒಮ್ಮೆ ನಗುತ್ತ ಕೇಳಿದ್ದಕ್ಕೆ, "ನಮ್ ಹೊಲದ್ ಪೈರು ತಿಂದು ಬೆಳ್ದೈತೆ ಕಣೇ, ಸಾಕ್ದಂಗೇ ಲೆಕ್ಕ" ಎಂದಿದ್ದರು.

ಆ ಹೊಲ ಕೈಗಾರಿಕೆಗೆ ಹೋಗಿ ಮೂವತ್ತು ವರ್ಷವಾಯಿತು. ಉರುಳು ಹಾಕುತ್ತಿದ್ದ ಬದುವಿನ ಮೇಲೆ ಈಗ ಒಂದು ಕಾರ್ಖಾನೆಯ ಕಾಂಪೌಂಡು ನಿಂತಿದೆ. ಕಾಡುಮೊಲ ಹಿಡಿಯುವುದು ಕಾನೂನಿಗೆ ವಿರುದ್ಧ. ಹಿಡಿಯೋಣವೆಂದರೂ ಜಿಗಣಿಯ ಸುತ್ತ ಮೊಲ ಅಡಗುವಷ್ಟು ಪೊದೆ ಉಳಿದಿಲ್ಲ. ಉಳಿದ ತುಂಡು ಜಾಗದಲ್ಲಿ ಅಶ್ವತ್ಥಮ್ಮನ ಗಂಡ ಗೋಪಾಲಪ್ಪ ಬಾಡಿಗೆಗೆಂದು ಆರು ಮನೆ ಕಟ್ಟಿಸಿದ. ಎಲ್ಲದಕ್ಕೂ ಮೇಲೆ ತಾರಸಿ, ತಾರಸಿಯ ಅರ್ಧಕ್ಕೆ ಶೀಟು.

ದೊಡ್ಡತಾಯಮ್ಮ ಕೊನೆಗಾಲದಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಗಂಜಿ ಬಿಟ್ಟು ಬೇರೇನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಒಂಬತ್ತನೆಯ ದಿನ ಮಧ್ಯಾಹ್ನ ಅವರು ಸೊಸೆಯ ಕೈ ಹಿಡಿದು, "ಅಶ್ವತ್ಥೀ, ಒಂದ್ ಬಟ್ಲು ಮೊಲದ್ ಸಾರು ಕಾಯ್ಸೇ" ಎಂದರು.

"ಮನೆಗೋಗಣ ಸುಮ್ಕಿರಿ ಅತ್ತೆ. ಮೊದ್ಲು ಅದನ್ನೇ ಕಾಯ್ಸ್ತೀನಿ."

ಅವರು ಮನೆಗೆ ಬಂದಿದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿಕೊಂಡು.

ಅವರ ಮನೆಯಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಬೇಕು. ಮಾವನಿಗೆ ಒಂದು ಕಟ್ಟು ಬೀಡಿ, ಅತ್ತೆಗೆ ಎಲೆ ಅಡಿಕೆ ಮತ್ತು ಹೊಗೆಸೊಪ್ಪು. ಬಡಿಸಿ ದೀಪ ಹಚ್ಚಿ ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದುಬಿಡಬೇಕು. ಒಳಗೆ ಹಿರಿಯರು ಉಣ್ಣುವ ಹೊತ್ತಿನಲ್ಲಿ ಹೊರಗೆ ಯಾರೂ ಸದ್ದು ಮಾಡಬಾರದು. ನಾಲ್ಕು ಅಮಾವಾಸ್ಯೆ ಅಶ್ವತ್ಥಮ್ಮ ಕೋಳಿ ಸಾರು, ಕೈಮ ಉಂಡೆ, ವಡೆ, ಪಾಯಸ ಎಲ್ಲ ಇಟ್ಟಳು. ನಾಲ್ಕು ಸಲವೂ ಬಾಗಿಲು ಮುಂದೆ ಮಾಡುವಾಗ ಅವಳ ಕೈ ತಡೆಯಿತು. ಕೇಳಿದ್ದನ್ನು ಇಡದೆ ಉಳಿದದ್ದನ್ನೆಲ್ಲ ಇಟ್ಟು ಬಾಗಿಲು ಹಾಕುತ್ತಿದ್ದೇನಲ್ಲ ಎನ್ನಿಸಿತು.

ಹಾಗಿರುವಾಗ ಹಾಲಿನ ಡೇರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಮೊಲ ಸಾಕಣೆ ತರಬೇತಿ, ಎರಡು ದಿನ, ಊಟ ಉಚಿತ. ಅಶ್ವತ್ಥಮ್ಮ ಅದನ್ನು ಮೂರು ಸಲ ಓದಿ ತಮ್ಮನಿಗೆ ಫೋನು ಮಾಡಿದಳು.

ತಮ್ಮ ನಲ್ಲಪ್ಪ ಜಿಗಣಿಯಲ್ಲಿ ಕೋಳಿ ಅಂಗಡಿ ಇಟ್ಟಿದ್ದ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿನಾಲ್ಕು. ಸೊಂಟದ ಮೇಲಿಟ್ಟುಕೊಂಡು ಸಾಕಿದ ಮಗು ಅದು. ಅವಳ ಮದುವೆಯ ದಿನ ಅವನು ಸೀರೆ ಸೆರಗು ಬಿಡದೆ ಅತ್ತಿದ್ದಕ್ಕೆ, ಗಂಡನ ಮನೆಯವರು ಅವನನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಅವಳಿಗೆ ತವರು ಎಂದರೆ ಅವನೊಬ್ಬನೇ.

"ಬರ್ತೀನಿ ಬಾ ಅಕ್ಕಯ್ಯ," ಎಂದ ನಲ್ಲಪ್ಪ. "ನೀನು ಮೊಲದ್ ಪಾಠ ಕೇಳು, ನಾನ್ ನಿದ್ದೆ ಮಾಡ್ತೀನಿ. ಊಟ ಹೆಂಗೂ ಫ್ರೀ."

ಆದರೆ ಅವನು ನಿದ್ದೆ ಮಾಡಲಿಲ್ಲ. ತರಬೇತಿ ಕೊಡುತ್ತಿದ್ದ ಪಶು ಆಸ್ಪತ್ರೆಯ ಡಾಕ್ಟರಮ್ಮ ಒಂದೊಂದೇ ತಳಿಯ ಮೊಲವನ್ನು ಮೇಜಿನ ಮೇಲಿಟ್ಟು ಹೇಳುತ್ತ ಹೋದರು. ಮೈತುಂಬ ಹತ್ತಿಯಂತೆ ಕೂದಲಿದ್ದ ಅಂಗೋರಾ ಉಣ್ಣೆಗೆ ಮಾತ್ರ, ಅದಕ್ಕೆ ಚಳಿ ಪ್ರದೇಶವೇ ಬೇಕು. ಗ್ರೇ ಜೈಂಟ್ ನೋಡಲು ಭಾರಿ, ಆದರೆ ಮೂಳೆಯೂ ಭಾರಿ, ಮೇವೂ ಭಾರಿ. ಸೋವಿಯತ್ ಚಿಂಚಿಲಾ ಬೂದಿ ಬಣ್ಣದ್ದು, ಮಾಂಸಕ್ಕೂ ಆಗುತ್ತದೆ, ಚರ್ಮಕ್ಕೂ ಆಗುತ್ತದೆ. ಅದನ್ನು ಕಂಡು ಅಶ್ವತ್ಥಮ್ಮ ಮುಂದಕ್ಕೆ ಬಾಗಿದಳು. ಬದುವಿನ ಮೊಲದ್ದೇ ಬಣ್ಣ. ಇದೇ ಇರಲಿ ಎಂದುಕೊಂಡಳು.

ಕೊನೆಗೆ ಬಂದದ್ದು ನ್ಯೂಜಿಲೆಂಡ್ ವೈಟ್. ಬಿಳಿ ಮೈ, ಕೆಂಪು ಕಣ್ಣು. ಬೇಗ ಬೆಳೆಯುತ್ತದೆ, ಮೂರು ತಿಂಗಳಿಗೇ ಎರಡು ಕೆಜಿ ತೂಗುತ್ತದೆ, ಎಲುಬು ಸಣ್ಣ, ಬೆನ್ನಿನ ಮಾಂಸ ದಪ್ಪ ಎಂದರು ಡಾಕ್ಟರಮ್ಮ.

ಅಶ್ವತ್ಥಮ್ಮ ಎದ್ದು ನಿಂತಳು. "ಮೇಡಂ, ತಾಯ್ತನ ಯಾವ್ದಕ್ಕೆ ಜಾಸ್ತಿ?"

ಹಿಂದಿನ ಸಾಲಿನವರು ನಕ್ಕರು. ಡಾಕ್ಟರಮ್ಮ ನಗಲಿಲ್ಲ. "ಒಳ್ಳೇ ಪ್ರಶ್ನೆ. ಈ ಬಿಳೀದಕ್ಕೆ. ತನ್ನ ಮೈ ಕೂದಲು ಕಿತ್ತು ಗೂಡಿಗೆ ಹಾಸುತ್ತೆ, ಮರೀನ ತುಳಿಯಲ್ಲ, ಹಾಲು ಬಿಡಿಸೋವರೆಗೂ ನಿಂತು ಕುಡಿಸುತ್ತೆ."

"ಬಿಸ್ಲು? ನಮ್ದು ತಾರಸಿ, ಶೀಟು."

"ಬಿಸಿಲು ಯಾವ ಮೊಲಕ್ಕೂ ಆಗಲ್ಲಮ್ಮ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಸುತ್ತ ಗೋಣಿ ಕಟ್ಟಿ ನೀರು ಚಿಮುಕಿಸಬೇಕು."

ಅವಳು ಬೂದಿ ಬಣ್ಣದ ಆಸೆಯನ್ನು ಅಲ್ಲೇ ಬಿಟ್ಟಳು. ಬಣ್ಣ ಸಾರಿನಲ್ಲಿ ಕಾಣುವುದಿಲ್ಲ, ತಾಯ್ತನವಿದ್ದರೆ ಮರಿ ಉಳಿಯುತ್ತವೆ, ಮರಿ ಉಳಿದರೆ ವರ್ಷ ವರ್ಷವೂ ಎಡೆಗೆ ಆಗುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನೆಲ್ಲ ತಮ್ಮನಿಗೆ ಬಿಡಿಸಿ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿದ.

ಕಾರ್ತಿಕ ಮಾಸದಲ್ಲಿ ಇಬ್ಬರೂ ಆನೇಕಲ್ಲಿನ ಆಚೆ ಬಸಲಿಂಗನ ಮೊಲದ ಶೆಡ್ಡಿಗೆ ಹೋದರು. ಬಸಲಿಂಗ ಸಿಂದಗಿ ಕಡೆಯವನು. ಜಿಗಣಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದವನು ಅದನ್ನು ಬಿಟ್ಟು ಮೊಲ ಸಾಕಣೆ ಹಿಡಿದಿದ್ದ.

"ಬರ್ರಿ ಯವ್ವಾ. ಆರಿಸ್ಕೊಳ್ರಿ. ಆರಿಸಾಕ ಬರ್ತೈತೇನು?"

"ನೋಡಣ ತಗೊಳಪ್ಪ."

ಅವಳು ಅವಸರ ಮಾಡಲಿಲ್ಲ. ಬೋನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅರ್ಧ ಗಂಟೆ ಸುಮ್ಮನೆ ನೋಡಿದಳು. ಯಾವುದು ಮೊದಲು ಮೇವಿಗೆ ಬರುತ್ತದೆ, ಯಾವುದು ಮೂಲೆ ಹಿಡಿದು ಕೂರುತ್ತದೆ. ಆಮೇಲೆ ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಕಿವಿಯೊಳಗೆ ಹಕ್ಕಳೆ ಇದೆಯೇ, ಹಲ್ಲು ಕೂಡುತ್ತದೆಯೇ, ಅಂಗಾಲಿನಲ್ಲಿ ಕೂದಲು ದಟ್ಟವಾಗಿದೆಯೇ ಎಂದು ನೋಡಿದಳು. ಬೆನ್ನ ಮೇಲೆ ಅಂಗೈ ಒತ್ತಿ ಅಗಲ ಅಳೆದಳು. ಒಂದು ತಾಯಿಯ ಎರಡು ಹೆಣ್ಣು, ಇನ್ನೊಂದು ತಾಯಿಯ ಒಂದು ಗಂಡು, ಹೀಗೆ ಮೂರು ಆರಿಸಿದಳು.

ಬಸಲಿಂಗ ನಲ್ಲಪ್ಪನ ಕಡೆ ತಿರುಗಿ, "ಅಣ್ಣಾರ, ನಿಮ್ಮ ಅಕ್ಕನ ಕೈ ಭಾಳ ಚಲೋ ಐತ್ರಿ. ಇಡೀ ಶೆಡ್ಡಿನ್ಯಾಗಿನ ಬಂಗಾರ ಎತ್ತಿಟ್ರು" ಎಂದ. "ಆದ್ರ ಹತ್ತು ದಿನ ತಡೀರಿ. ತಾಯಿ ಹಾಲು ಬಿಡಿಸಬೇಕು."

ಅಶ್ವತ್ಥಮ್ಮ ಸೆರಗಿನ ಗಂಟಿನಿಂದ ಊರದೇವತೆ ಮದ್ದೂರಮ್ಮನ ಗುಡಿಯ ಕುಂಕುಮದ ಪೊಟ್ಟಣ ತೆಗೆದು ಮೂರರ ಹಣೆಗೂ ಇಟ್ಟಳು. ಹೋತವನ್ನು ದೇವರಿಗೆಂದು ಬಿಡುವಾಗ ಹಾಗೆ ಇಡುವುದು ವಾಡಿಕೆ. ಬಸಲಿಂಗ ಅದನ್ನು ಕಂಡು ಕೈ ಮುಗಿದ.

"ನೀನ್ಯಾಕ್ ಇಷ್ಟ್ ದೂರ ಇನ್ನೊಂದ್ಸಲ ಬರ್ತೀಯ," ಎಂದ ನಲ್ಲಪ್ಪ. "ಹತ್ತು ದಿನ ಬಿಟ್ಟು ನನ್ ಗಾಡೀಲಿ ನಾನೇ ತಂದಾಕ್ತೀನಿ."

ಹಾಗೇ ತಂದ. ಹಣ್ಣಿನ ಕ್ರೇಟಿನಲ್ಲಿ ಹುಲ್ಲು ಹಾಸಿ ಮೂರು ಬಿಳಿ ಮೊಲ. ಮೂರರ ಹಣೆಯ ಮೇಲೂ ಕುಂಕುಮ ಕೆಂಪಗೆ, ಈಗ ತಾನೇ ಇಟ್ಟಂತೆ ಹೊಳೆಯುತ್ತಿತ್ತು. ಅಶ್ವತ್ಥಮ್ಮನ ಕಣ್ಣು ತುಂಬಿದವು.

"ನೋಡೋ ನಲ್ಲ, ಹತ್ತು ದಿನ ಆದ್ರೂ ಅಳ್ಸಿಲ್ಲ. ಮದ್ದೂರಮ್ಮ ಒಪ್ಕೊಂಡವ್ಳೆ."

"ಹೂಂ ಅಕ್ಕಯ್ಯ," ಎಂದು ಅವನು ಕ್ರೇಟು ಇಳಿಸಿ, ಕಾಫಿಗೂ ನಿಲ್ಲದೆ ಹೋದ. ಕೆಳಗೆ ಗೇಟಿನ ಹತ್ತಿರ ಗೋಪಾಲಪ್ಪನೊಂದಿಗೆ ಸ್ವಲ್ಪ ಹೊತ್ತು ಮಾತಾಡುತ್ತ ನಿಂತಿದ್ದ.

ಆವತ್ತಿನಿಂದ ಅಶ್ವತ್ಥಮ್ಮನ ದಿನ ತಾರಸಿಯ ಮೇಲೇ ಶುರುವಾಗುತ್ತಿತ್ತು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದಳು, ಗೋಣಿಚೀಲಕ್ಕೆ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದಳು. ಸಂತೆಯ ತರಕಾರಿಯವರು ಬಿಸಾಡುವ ಮೂಲಂಗಿ ಸೊಪ್ಪನ್ನು ಆಯ್ದು, ತೊಳೆದು, ನೀರು ಆರಿಸಿ ಹಾಕಿದಳು. ಬಾಡಿಗೆಗಿದ್ದ ನಿವೇದಿತಾ ಎಂಬ ಹುಡುಗಿ ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಮುಗಿಸಿ ಬಂದವಳೇ ಮೇಲೆ ಹತ್ತಿ ಮೊಲ ನೋಡುತ್ತಿದ್ದಳು.

"ಆಂಟಿ, ಎಷ್ಟ್ ಕ್ಯೂಟಾಗಿದೆ! ಇವು ಹೀಗೇ ಪುಟ್ಟದಾಗೇ ಇರುತ್ತಾ?"

"ಇಲ್ಲ ಕಣಮ್ಮ, ಬೆಳೀತವೆ. ದೊಡ್ ತಳಿ."

ಸಂಕ್ರಾಂತಿ ಮುಗಿದು ಒಂದು ವಾರಕ್ಕೆ ಒಂದು ಹೆಣ್ಣು ಮರಿ ಹಾಕಿತು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಎಷ್ಟೋ ಮುಂಚೆ. ದೇವರ ದಯೆ ಎಂದುಕೊಂಡು ಗುಡಿಗೆ ಹೋಗಿ ಎಣ್ಣೆ ಬಿಟ್ಟು ಬಂದಳು. ಆದರೆ ಎಂಟು ಹತ್ತು ಮರಿ ಎಂದಿದ್ದರು, ಇಲ್ಲಿ ಮೂರೇ. ತಾಯಿ ಎರಡನ್ನು ತುಳಿಯಿತು. ಉಳಿದದ್ದು ಯುಗಾದಿಯ ಹೊತ್ತಿಗೆ ಅಂಗೈ ಅಗಲವಿತ್ತು. ಹಳೆಯ ಮೂರೂ ಬೆಳೆಯಲಿಲ್ಲ. ಚೀಲದಲ್ಲಿ ಹಾಕಿ ತಕ್ಕಡಿಗೆ ನೇತು ಹಾಕಿದರೆ ಒಂದೊಂದೂ ಒಂದೂಕಾಲು ಕೆಜಿಯ ಹತ್ತಿರವೇ ನಿಲ್ಲುತ್ತಿತ್ತು.

ತಪ್ಪು ತನ್ನದೇ ಇರಬೇಕೆಂದು ಅವಳು ತಿಳಿದಳು. ಬಿಸಿಲು ತಗುಲಿತೇನೋ, ಸೊಪ್ಪಿನಲ್ಲಿ ಔಷಧಿ ಇತ್ತೇನೋ. ಮೇವು ಬದಲಿಸಿದಳು, ಹಿಂಡಿ ಹಾಕಿದಳು. ಶುಕ್ರವಾರ ಒಪ್ಪೊತ್ತು ಹಿಡಿದಳು. ಅತ್ತೆಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಅವರೇ ಮುನಿಸಿಕೊಂಡು ಮೊಲಗಳನ್ನು ಬೆಳೆಯಗೊಡುತ್ತಿಲ್ಲವೇನೋ ಎಂದೂ ಒಂದು ದಿನ ಅನ್ನಿಸಿ, ಅವರ ಫೋಟೋದ ಮುಂದೆ ಬಹಳ ಹೊತ್ತು ಕುಳಿತಿದ್ದಳು.

ಶ್ರಾವಣದಲ್ಲಿ, ಇನ್ನು ಎಡೆಗೆ ಒಂದೂವರೆ ತಿಂಗಳಿದೆ ಎನ್ನುವಾಗ, ತಡೆಯಲಾರದೆ ಬಸಲಿಂಗನಿಗೆ ಫೋನು ಮಾಡಿದಳು. ಅವನು ಎಲ್ಲವನ್ನೂ ಕೇಳಿ, "ಯವ್ವಾ, ಎಡಗಿವಿ ಒಳಗ ಹಸಿರು ಹಚ್ಚೆ ನಂಬರ್ ಇರ್ತೈತಿ, ನೋಡ್ರಿ. ನಲವತ್ತೊಂದು, ನಲವತ್ತೆರಡು, ಐವತ್ತೇಳು. ಮಾರೂ ದಿನ ನಂಬರ್ ಹಾಕೇ ಕೊಡ್ತೀನಿ" ಎಂದ.

ಅವಳು ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಕಿವಿಯನ್ನು ಬೆಳಕಿಗೆ ಹಿಡಿದಳು. ಎಡಗಿವಿ. ಆಮೇಲೆ ಬಲಗಿವಿಯನ್ನೂ ನೋಡಿದಳು. ಎಳೆ ಎಳೆಯಾಗಿ ರಕ್ತನಾಳ ಕಂಡವು. ಅಕ್ಷರವಿರಲಿಲ್ಲ, ಅಂಕಿಯಿರಲಿಲ್ಲ.

"ಇಲ್ಲಪ್ಪ. ಏನೂ ಇಲ್ಲ."

ಬಸಲಿಂಗ ಮೂರರ ತೂಕ ಇನ್ನೊಮ್ಮೆ ಕೇಳಿದ. "ಹಂಗಾರ ಅವು ನನ್ನ ಮೊಲ ಅಲ್ರೀ. ಪ್ಯಾಟ್ಯಾಗ ಮಕ್ಕಳು ಆಡ್ಸಾಕ ಅಂತ ಮಾರ್ತಾರಲ್ರಿ, ಆ ಸಣ್ಣ ಜಾತಿ. ಬಣ್ಣ ಒಂದ, ಕಣ್ಣೂ ಒಂದ. ಬಲ್ತಿದ್ದನ್ನ ತಂದು ಇಟ್ರ ನಮ್ಮ ಮರಿಯಷ್ಟ ಕಾಣ್ತಾವ. ಅದಕ್ಕ ಲಗೂನ ಮರಿ ಹಾಕ್ಯಾವ. ನನ್ನವು ಮೂರನ್ನೂ ನಿಮ್ಮ ತಮ್ಮಾರ ಕೈಗೇ ಕೊಟ್ಟೀನ್ರಿ."

ಅಶ್ವತ್ಥಮ್ಮ ಮರುದಿನ ಬೆಳಿಗ್ಗೆ ನಡೆದೇ ಜಿಗಣಿಗೆ ಹೋದಳು. ತಮ್ಮನ ಅಂಗಡಿಯ ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಕೋಳಿಯ ದರ ಬರೆದ ಹಲಗೆಯ ಕೆಳಗೆ ಹೊಸದಾಗಿ ಇನ್ನೊಂದು ಹಲಗೆ: ಮೊಲದ ಮಾಂಸ ಸಿಗುತ್ತದೆ. ಅವಳು ಯಾರನ್ನೂ ಕೇಳದೆ ಪಕ್ಕದ ಓಣಿಯಿಂದ ಹಿಂದಕ್ಕೆ ಹೋದಳು. ಅಲ್ಲಿ ಎರಡು ಸಾಲು ಬೋನು. ಮೊದಲ ಬೋನಿನಲ್ಲಿ ಮೊಳದುದ್ದದ ಹೆಣ್ಣು ಮೊಲ, ಪಕ್ಕದಲ್ಲಿ ಗೂಡಿನ ತುಂಬ ತನ್ನದೇ ಕೂದಲು ಹಾಸಿಕೊಂಡು ಒಂಬತ್ತು ಮರಿ. ಎಡಗಿವಿಯೊಳಗೆ ಹಸಿರು ಅಂಕಿ. ನಲವತ್ತೊಂದು.

ನಲ್ಲಪ್ಪ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಿದ್ದ. "ಅಕ್ಕಯ್ಯ, ಫೋನ್ ಮಾಡಿ ಬರಬಾರ್ದಾ?"

"ಇವು ನಾನಾರಿಸಿದ್ದಲ್ವೇನೋ ನಲ್ಲ?"

"ಕೂತ್ಕೋ ಬಾ. ಟೀ ಹೇಳ್ತೀನಿ."

"ಇವು ನಾನಾರಿಸಿದ್ದಲ್ವಾ?"

"ಹೂಂ." ಅವನು ಬೋನಿನ ಚಿಲಕ ಸರಿ ಮಾಡಿದ. "ನೋಡು, ನಿಂಗ್ ಬೇಕಾಗಿದ್ದು ವರ್ಷಕ್ಕೊಂದ್ಸಲ ಒಂದ್ ಬಟ್ಲು ಸಾರು. ಅದಕ್ಕೆ ಇಂಥಾ ತಳಿ ಯಾಕೆ? ನಂಗಾದ್ರೆ ಇದು ಬದುಕು. ಕೋಳಿ ಅಂಗ್ಡಿ ಬೀದಿಗ್ ಐದಾದ್ವು. ಆರಿಸೋದು ನಿಂಗ್ ಬರುತ್ತೆ, ನಂಗ್ ಬರಲ್ಲ. ಆ ತಾಯಿ ಮರಿ ಅವೇ ಕೊನೇವು ಅಂದ ಬಸಲಿಂಗ."

"ಕೇಳಿದ್ರೆ ಕೊಡ್ತಿರ್ಲಿಲ್ವೇನೋ ನಾನು?"

"ಕೊಡ್ತಿದ್ದೆ. ಕೇಳ್ಬೇಕಾಗಿತ್ತಲ್ಲ. ಹುಟ್ಟಿದಾಗ್ನಿಂದ ನಿನ್ನೇ ಕೇಳ್ಕೊಂಡ್ ಬಂದಿದೀನಿ."

ಅವಳು ಒಂಬತ್ತು ಮರಿಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಕುಂಕುಮ ಯಾರಿಟ್ರು?" ಎಂದಳು.

ನಲ್ಲಪ್ಪ ನೆಲ ನೋಡಿದ.

"ಅವುಕ್ಕೆ ಕುಂಕುಮ ಯಾರೋ ಇಟ್ರು?"

"ನೀನ್ ಮೊದ್ಲು ಅದನ್ನೇ ನೋಡ್ತೀಯ ಅಂತ ಗೊತ್ತಿತ್ತು ಅಕ್ಕಯ್ಯ."

ಅಂಗಡಿಯ ಕಡೆಯಿಂದ ಒಬ್ಬ ಗಿರಾಕಿ, ಏನಣ್ಣ ಜಗಳ ಎಂದು ಇಣುಕಿದ. ನಲ್ಲಪ್ಪನಿಗೆ ಮಾನ ಹೋದಂತಾಯಿತೇನೋ, ದನಿ ಏರಿಸಿ ನಕ್ಕ. "ಏನಿಲ್ಲ ಸಾರ್, ನಮ್ಮಕ್ಕ. ಪಿತೃಪಕ್ಷಕ್ಕೆ ಫಾರಿನ್ ತಳೀನೇ ಬೇಕಂತೆ. ಎಡೆ ಮುಟ್ಟೋದು ಕಾಗೆ. ಕಾಗೆಗೆ ತಳಿ ಗೊತ್ತಾಗುತ್ತಾ, ನೀವೇ ಹೇಳಿ!"

ಗಿರಾಕಿಯೂ ನಕ್ಕ. ಅಶ್ವತ್ಥಮ್ಮ ಸೆರಗು ಹೊದ್ದುಕೊಂಡು ಓಣಿಯಿಂದ ಹೊರಗೆ ಬಂದಳು.

ಗಂಡನಿಗೆ ಅವಳು ಹೇಳಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ತವರಿನ ಹುಳುಕನ್ನು ಗಂಡನ ಮನೆಯಲ್ಲಿ ಬಿಚ್ಚಿದವಳಲ್ಲ ಅವಳು. ತಮ್ಮನನ್ನು ಯಾರಾದರೂ ಕಳ್ಳ ಎಂದರೆ ಸೊಂಟದ ಮೇಲೆ ಹೊತ್ತವಳಿಗೂ ಆ ಮಾತು ತಟ್ಟುತ್ತದೆ. "ಮೊಲ ಯಾಕೋ ಬೆಳೀಲಿಲ್ಲ" ಎಂದಷ್ಟೇ ಹೇಳಿದಳು. "ಹೋಗ್ಲಿ ಬಿಡು, ಇದ್ದಿದ್ದೇ ಸಾಕು," ಎಂದ ಗೋಪಾಲಪ್ಪ ಟೀವಿಯಿಂದ ಕಣ್ಣು ತೆಗೆಯದೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಅವಳು ತಾರಸಿಗೆ ಹೋಗಿ, ಕ್ರೇಟಿನಲ್ಲಿ ಬಂದ ಮೂರರಲ್ಲಿ ಗಂಡು ಮೊಲವನ್ನು ಎತ್ತಿಕೊಂಡು ಬಂದು ಗಂಡನ ಕೈಗೆ ಕೊಟ್ಟಳು. ಗೋಪಾಲಪ್ಪ ಹಿತ್ತಲಲ್ಲಿ ಕೊಯ್ದು ತಂದ. ಮಾಂಸ ಒಂದು ಸಣ್ಣ ಬೋಗುಣಿಗೂ ತುಂಬಲಿಲ್ಲ. ಅವಳು ತೊಳೆದಳು. ಹುರಿದ ಕೊತ್ತಂಬರಿ, ಚಕ್ಕೆ, ಲವಂಗ, ತೆಂಗಿನಕಾಯಿ ಅರೆದು ಹಾಕಿ ಸಾರು ಕಾಯಿಸಿದಳು. ಎಡೆಯ ಅಡುಗೆಯನ್ನು ಇಡುವ ಮುಂಚೆ ರುಚಿ ನೋಡುವಂತಿಲ್ಲ. ಉಪ್ಪು ಕೈ ಅಳತೆಯಲ್ಲೇ ಬಿತ್ತು.

ಎಲೆ ಹಾಸಿ, ಮುದ್ದೆ ಇಟ್ಟು, ಇನ್ನೇನು ಬಡಿಸಬೇಕು ಎನ್ನುವಾಗ ಗೇಟಿನ ಸದ್ದಾಯಿತು. ನಲ್ಲಪ್ಪ. ಪ್ರತಿ ವರ್ಷ ಎಡೆಯ ಊಟಕ್ಕೆ ಬರುವವನು ಈ ವರ್ಷವೂ ಬಂದಿದ್ದ. ಕೈಯಲ್ಲಿ ಭಾರದ ಚೀಲ.

"ಅಕ್ಕಯ್ಯ, ಸಿಟ್ಟು ಸಾಕು. ಮೂರು ಕೆಜಿ ಐತೆ. ನೀನಾರಿಸಿದ ಮೊಲದ್ದೇ ಮರಿ. ದೊಡ್ಡತಾಯಮ್ಮನೋರ್ಗೆ ಇದನ್ನೇ ಇಡು."

ಅಶ್ವತ್ಥಮ್ಮ ಹೊಸ್ತಿಲೊಳಗೇ ನಿಂತಳು. "ನಾನಾರಿಸಿದ್ದು ಇರ್ಬೋದು. ನಾನ್ ಸಾಕಿದ್ದಲ್ಲ. ನಮ್ಮತ್ತೆ ಅಂಗ್ಡಿ ಮಾಂಸ ತಿನ್ನಲ್ಲ."

"ಅಂಗ್ಡೀದಾ? ನಿನ್ ತಮ್ಮನ್ದು ಕಣಕ್ಕಯ್ಯ!"

"ತಗೊಂಡೋಗು."

ನಲ್ಲಪ್ಪ ಅವಳ ಭುಜದ ಮೇಲಿಂದ ಒಳಗೆ ನೋಡಿದ. ಗೋಪಾಲಪ್ಪ ಅಪ್ಪನ ಎಲೆಯ ಪಕ್ಕ ಇಡಲೆಂದು ಬೀಡಿ ಕಟ್ಟು ಹಿಡಿದು ನಿಂತಿದ್ದ.

"ಭಾವ, ನೀವಾದ್ರೂ ಹೇಳಿ. ಎಲ್ಲಾ ನನ್ ತಲೆ ಮೇಲೇ ಹಾಕಿದ್ರೆ ಹೆಂಗೆ? ಅವತ್ತು ಗೇಟ್ ಹತ್ರ ಹೇಳ್ದಾಗ ನೀವೇ ಅಲ್ವಾ ಅಂದಿದ್ದು, ಸಣ್ ಜಾತಿನೇ ಇರ್ಲಿ ಬಿಡು, ವಾಸ್ನೆ ಕಮ್ಮಿ, ಬಾಡ್ಗೆಯೋರು ತಕರಾರು ಮಾಡಲ್ಲ, ಅವ್ಳಿಗೇನ್ ಗೊತ್ತಾಗುತ್ತೆ ಅಂತ?"

ಗೋಪಾಲಪ್ಪ ಬೀಡಿ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಅಶ್ವತ್ಥಮ್ಮ ಗಂಡನ ಮುಖ ನೋಡಿದಳು. ಹತ್ತು ತಿಂಗಳು. ಅವಳು ಮೊಲಗಳನ್ನು ತಕ್ಕಡಿಗೆ ಹಾಕಿ ಕಣ್ಣೊರೆಸಿಕೊಂಡಾಗ ಈ ಮನುಷ್ಯ ಪಕ್ಕದಲ್ಲೇ ತಕ್ಕಡಿ ಹಿಡಿದು ನಿಂತಿದ್ದ. ಒಪ್ಪೊತ್ತು ಹಿಡಿದ ಶುಕ್ರವಾರಗಳಲ್ಲಿ, "ಯಾಕ್ ಹಿಂಗ್ ಸೊರಗ್ತೀಯ, ಮೊಲ ತಾನೆ" ಎಂದು ಅನುಕಂಪ ತೋರಿಸಿದ್ದ. ಇವನ ಕಣ್ಣಲ್ಲಿ ಕೆಳಗಾಗಬಾರದೆಂದು ಅವಳು ತಮ್ಮನ ತಪ್ಪನ್ನು ಎದೆಯಲ್ಲಿಟ್ಟುಕೊಂಡಿದ್ದಳು. ಮುಚ್ಚಿಟ್ಟದ್ದನ್ನು ಇವನು ಅವಳಿಗಿಂತ ಮೊದಲೇ ಬಲ್ಲವನಾಗಿದ್ದ.

ಅವಳು ಕೂಗಾಡಲಿಲ್ಲ. ಎಡೆ ಇಡುವ ದಿನ ಹಿರಿಯರ ಎದುರಿಗೆ ಕೂಗಾಡಬಾರದು. ನಲ್ಲಪ್ಪ ಚೀಲವನ್ನು ಜಗುಲಿಯ ಮೇಲಿಟ್ಟ, ಆಮೇಲೆ ಅದೇನನ್ನಿಸಿತೋ, ಎತ್ತಿಕೊಂಡು ಹೋದ. ಗಾಡಿಯ ಸದ್ದು ದೂರವಾಗುವವರೆಗೂ ಅವಳು ಅಲುಗಾಡಲಿಲ್ಲ. ಮತ್ತೆ ಒಳಗೆ ಬಂದು ಬೋಗುಣಿಯಲ್ಲಿದ್ದ ಸಾರನ್ನು, ಒಂದು ತುಂಡೂ ಉಳಿಸದೆ, ಅತ್ತೆಯ ಎಲೆಗೇ ಬಡಿಸಿದಳು.

"ಧೂಪ ಹಾಕಿ," ಎಂದಳು ಗಂಡನಿಗೆ.

ಮಗನಾದವನೇ ಹಾಕಬೇಕು. ಅವನು ಹಾಕಿದ. ಕರ್ಪೂರ ಹಚ್ಚುವಾಗ ಎರಡು ಕಡ್ಡಿ ಕೆಟ್ಟವು. ಇಬ್ಬರೂ ಅಡ್ಡಬಿದ್ದರು. ಅವಳು ಎಷ್ಟೋ ಹೊತ್ತು ಏಳಲಿಲ್ಲ. "ಅತ್ತೆ, ಬೆಳೀಲಿಲ್ಲ. ಬೆಳೆಯೋದೇ ಅಲ್ವಂತೆ. ನಾನೇ ಸಾಕಿದ್ದು ಅನ್ನೋದೊಂದೇ ನಿಜ," ಎಂದು ನೆಲಕ್ಕೆ ಹಣೆ ಹಚ್ಚಿ ಹೇಳಿದಳು. ಆಮೇಲೆ ಇಬ್ಬರೂ ಹೊರಗೆ ಬಂದರು. ಅವಳು ಬಾಗಿಲು ಮುಂದೆ ಮಾಡಿದಳು.

ಜಗುಲಿಯ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ಬೀದಿಯಲ್ಲಿ ಕಾರ್ಖಾನೆಯ ಬಸ್ಸೊಂದು ಹೋಯಿತು. ಗೋಪಾಲಪ್ಪ ಗಂಟಲು ಸರಿ ಮಾಡಿಕೊಂಡ.

"ಅಶ್ವತ್ಥೀ, ನಾನ್ ಏನಂದ್ಕೊಂಡೆ ಅಂದ್ರೆ..."

ಅವಳು ಅವನ ಕಡೆ ತಿರುಗಲಿಲ್ಲ.

"ಒಳ್ಗೆ ಅತ್ತೆ ಊಟ ಮಾಡ್ತಾ ಅವ್ರೆ," ಎಂದಳು. "ಸದ್ದು ಮಾಡ್ಬೇಡಿ."